ಅಪ್ಲಿಕೇಷನ್ ಕ್ಯಾಶ್: ಒಂದು ವೆಬ್ ಎಪಿಐಯ ರಚನಾದೋಷ ವಿಚಾರ

ವೆಬ್ ಪುಟವು ಬ್ರೌಸರಿನಿಂದ ಯಾವ ಸೇವೆಯನ್ನು ಯಾವ ಕ್ರಮದಿಂದ ಪಡೆಯಬಹುದೆಂಬುದನ್ನು ನಿಯಮಿಸುವ ಒಡಂಬಡಿಕೆಗೆ ವೆಬ್ ಎಪಿಐ ಎಂದು ಹೆಸರು. ಇದನ್ನು ನಂಬಿ ಅಸಂಖ್ಯ ಪುಟಗಳು ರಚಿತವಾದ ಮೇಲೆ ಒಡಂಬಡಿಕೆಯನ್ನು ಬದಲಿಸಿದರೆ ಆ ಪುಟಗಳು ಕೆಡುವುವು. ಆದಕಾರಣ ಇಲ್ಲಿಯ ತಪ್ಪುಗಳು ದೀರ್ಘಾಯುಗಳು. ಅವುಗಳ ಚರಿತ್ರೆಯು ವಿಚಾರಾರ್ಹವಾದುದು. ನಿದರ್ಶನಕ್ಕಾಗಿ ಅಪ್ಲಿಕೇಷನ್ ಕ್ಯಾಶ್ ಎಂಬುದೊಂದನ್ನೇ ಪರಿಶೀಲಿಸೋಣ.

ಇಂಟರ್‌ನೆಟ್ ಸಂಪರ್ಕವು ತಪ್ಪಿದಾಗಲೂ ಪುಟವು ತೆರೆಯಬೇಕೆಂಬುದು ಇದರ ಉದ್ದೇಶ. ಉದ್ದೇಶವು ಶ್ಲಾಘ್ಯವೇ ಸರಿ. ವಿಧಾನವೂ ನೋಟಕ್ಕೆ ಸುಲಭ. ಪುಟದ ಕರ್ತೃವು ಬೇಕಾದ ಕಡತಗಳ ಹೆಸರುಗಳನ್ನು ಮ್ಯಾನಿಫೆಸ್ಟ್ ಎಂಬ ಪಟ್ಟಿಯಲ್ಲಿ ಬರೆದಿಟ್ಟರೆ ಬ್ರೌಸರು ಅವನ್ನು ತಂದು ಕೂಡಿಡುವುದು. ಉಳಿದ ನಿರ್ಧಾರಗಳನ್ನು ಬಹುಮಟ್ಟಿಗೆ ಬ್ರೌಸರೇ ಮಾಡುವುದು. ದೋಷದ ಬೀಜವಿದ್ದುದು ಈ ಕೊನೆಯ ಅಂಶದಲ್ಲಿ.

ಮೊದಲನೆಯದಾಗಿ, ಸಂಪರ್ಕವಿದ್ದಾಗಲೂ ಬ್ರೌಸರು ಕೂಡಿಟ್ಟ ಹಳೆಯ ಪ್ರತಿಯನ್ನೇ ಮುಂದಿಡುತ್ತಿತ್ತು. ಹೊಸದು ಕಾಣಬೇಕಾದರೆ ಪುಟವನ್ನು ಮತ್ತೊಮ್ಮೆ ತೆರೆಯಬೇಕಾಗಿತ್ತು. ಎರಡನೆಯದಾಗಿ, ಕಡತವನ್ನು ತಿದ್ದಿದ ಮಾತ್ರಕ್ಕೆ ಬ್ರೌಸರು ಅದನ್ನು ಮರಳಿ ತರುತ್ತಿರಲಿಲ್ಲ. ಪಟ್ಟಿಯಲ್ಲಿಯೇ ಒಂದಕ್ಷರವಾದರೂ ಬದಲಾಗಬೇಕಾಗಿತ್ತು. ಆದುದರಿಂದ ಕರ್ತೃಗಳು ಪಟ್ಟಿಯಲ್ಲಿ ಒಂದು ಟಿಪ್ಪಣಿಯನ್ನು ಬರೆದು, ಅದರ ಸಂಖ್ಯೆಯನ್ನು ಪ್ರತಿಸಲವೂ ಬದಲಿಸುತ್ತಿದ್ದರು. ಮೂರನೆಯದಾಗಿ, ಪ್ರತ್ಯೇಕವಾಗಿ ಅನುಮತಿಸದಿದ್ದರೆ, ಪಟ್ಟಿಯಲ್ಲಿಲ್ಲದ ಚಿತ್ರಾದಿಗಳು ಸಂಪರ್ಕವಿದ್ದಾಗಲೂ ದೊರೆಯುತ್ತಿರಲಿಲ್ಲ. ಕೊನೆಯದಾಗಿ, ಪಟ್ಟಿಯನ್ನು ಹೆಸರಿಸಿದ ಪುಟವು ತಾನಾಗಿಯೇ ಸಂಗ್ರಹಕ್ಕೆ ಸೇರುತ್ತಿತ್ತು. ಪಟ್ಟಿಯನ್ನೇ ದೀರ್ಘಕಾಲ ಇಟ್ಟುಕೊಳ್ಳಬಹುದೆಂದು ಸರ್ವರು ತಿಳಿಸಿದ್ದರಂತೂ ಓದುಗನು ಹಳೆಯ ಪುಟದಲ್ಲಿಯೇ ಸಿಕ್ಕಿಬೀಳುವ ಅಪಾಯವಿತ್ತು.

ಇವುಗಳಲ್ಲಿ ಯಾವುದೂ ಯಂತ್ರದ ಕೆಡುಕಲ್ಲ. ಎಲ್ಲವೂ ವಿಧಿಸಿದ ನಿಯಮದಂತೆಯೇ ನಡೆಯುತ್ತಿದ್ದಿತು. ಬೇರೆ ಬೇರೆ ಪುಟಗಳಿಗೆ ಬೇರೆ ಬೇರೆ ನೀತಿಗಳು ಬೇಕಾಗುವುವೆಂಬುದನ್ನು ಎಣಿಸದೆ, ಒಂದೇ ನೀತಿಯನ್ನು ಎಲ್ಲಕ್ಕೂ ಗಂಟುಹಾಕಿದುದೇ ಮೂಲದೋಷ.

2013ರಲ್ಲಿ ಪ್ರಕಟವಾದ ಎಕ್ಸ್‌ಟೆನ್ಸಿಬಲ್ ವೆಬ್ ಮ್ಯಾನಿಫೆಸ್ಟೋ ಎಂಬ ಘೋಷಣೆಯು, ಮೂಲಶಕ್ತಿಗಳನ್ನು ಮೊದಲು ಕರ್ತೃಗಳ ಕೈಗೆ ಕೊಡಬೇಕೆಂದು ಪ್ರತಿಪಾದಿಸಿತು. 2015ರಲ್ಲಿ ಕ್ರೋಮ್ ಬ್ರೌಸರಿನಲ್ಲಿ ಬಂದ ಸರ್ವೀಸ್ ವರ್ಕರ್ ಈ ತತ್ತ್ವಕ್ಕೆ ಒಪ್ಪುವಂಥದು. ಇದರಲ್ಲಿ ಪುಟದ ಒಂದೊಂದು ಬೇಡಿಕೆಯೂ ಕರ್ತೃವು ಬರೆದ ಕ್ರಮವಿಧಿಯ ಮುಂದೆ ಬರುವುದು. ಸಂಗ್ರಹದಿಂದ ಕೊಡಬೇಕೋ ಜಾಲದಿಂದ ತರಬೇಕೋ ಎಂಬುದನ್ನು ಅವನೇ ನಿರ್ಣಯಿಸುವನು. ಇದಕ್ಕೆ ಬೆಲೆಯೂ ಉಂಟು: ಪಟ್ಟಿಯಿಂದ ಆಗುತ್ತಿದ್ದ ಕೆಲಸಕ್ಕೆ ಈಗ ಕ್ರಮವಿಧಿಯನ್ನೇ ಬರೆಯಬೇಕು.

ಉತ್ತಮವಾದುದು ದೊರೆತ ಮೇಲೂ ಹಳೆಯದನ್ನು ಕೂಡಲೇ ಕಿತ್ತೊಗೆಯಲಾಗಲಿಲ್ಲ. ಫೈರ್‌ಫಾಕ್ಸ್ ಅದನ್ನು 2020ರ ಡಿಸೆಂಬರಿನಲ್ಲಿ ಬಿಟ್ಟಿತು. ಕ್ರೋಮ್ 2021ರಲ್ಲಿ ಪೂರ್ಣವಾಗಿ ತೊರೆಯಿತು. ಹೊಸ ಸೌಲಭ್ಯಗಳನ್ನು ನೋಂದಾಯಿಸಿದ ತಾಣಗಳಲ್ಲಿ ನಿಯತಕಾಲ ಮಾತ್ರ ಪ್ರಯೋಗಿಸಿ ನೋಡುವ ಪದ್ಧತಿಯು ಇಂದು ರೂಢಿಯಲ್ಲಿರುವುದು ಇದೇ ಕಾರಣದಿಂದ. ಸರ್ವರ ಬಳಕೆಗೆ ಬಿಡುವ ಮುನ್ನ ಪರೀಕ್ಷಿಸುವುದು ವಿಳಂಬದಂತೆ ತೋರಬಹುದು. ಬಿಟ್ಟಮೇಲೆ ಹಿಂತೆಗೆಯುವ ವಿಳಂಬವು ಅದಕ್ಕಿಂತ ಬಹಳ ದೊಡ್ಡದು.