ನಡೆಸಿ ನೋಡಿ, ಆಮೇಲೆ ಬೆಲೆ ಹೇಳಿ

ಶಿವರಾತ್ರಿ ಹೊತ್ತಿಗೆ ಚಿಕ್ಕಬಳ್ಳಾಪುರದ ನಂದಿಯಲ್ಲಿ ಭೋಗನಂದೀಶ್ವರನ ಜಾತ್ರೆ. ಅಲ್ಲಿ ಸೇರುವ ದನಗಳ ಜಾತ್ರೆಯಲ್ಲಿ ಹಳ್ಳಿಕಾರ್ ಎತ್ತು ಕೊಳ್ಳಲು ಬಂದವರು ಬಾಯಿ ಬಿಡಿಸಿ ಹಲ್ಲು ನೋಡುತ್ತಾರೆ, ಗೊರಸು ನೋಡುತ್ತಾರೆ. ಆದರೆ ನಾಲ್ಕು ಹೆಜ್ಜೆ ನಡೆಸದೆ ಬೆಲೆಯ ಮಾತೆತ್ತುವುದಿಲ್ಲ. ಶ್ವಾನ ಪ್ರದರ್ಶನದ ತೀರ್ಪುಗಾರರು ಪುಟ್ಟ ಟೆರಿಯರ್ ನಾಯಿಯನ್ನು ಅಳೆಯುವ ವಿಧಾನವೂ ಹೆಚ್ಚುಕಡಿಮೆ ಇದೇ. ಮೊದಲು ಕೈ, ಆಮೇಲೆ ಕಣ್ಣು.

ಜಾಕ್ ರಸೆಲ್ ಟೆರಿಯರ್ ಅನ್ನೇ ತೆಗೆದುಕೊಳ್ಳಿ. ಇಂಗ್ಲೆಂಡಿನ ಪಾದ್ರಿ ಜಾನ್ ರಸೆಲ್ (1795–1883) ಹೆಸರು ಹೊತ್ತ ಈ ತಳಿ ಬೆಳೆದದ್ದು ಬಿಲದೊಳಗೆ ನುಗ್ಗಿ ನರಿಯನ್ನು ಹೊರಗಟ್ಟಲು. ಬಿಲದಲ್ಲಿ ಸಿಕ್ಕಿಕೊಳ್ಳದಂತಿರಬೇಕಾದರೆ ಎದೆಗೂಡು ಕಿರಿದಾಗಿರಬೇಕು. ಹಾಗಾಗಿ ತೀರ್ಪುಗಾರರು ನಾಯಿಯನ್ನು ಮೇಜಿನ ಮೇಲೆ ನಿಲ್ಲಿಸಿ, ಮುಂಗಾಲುಗಳ ಹಿಂದೆ ಎರಡೂ ಕೈಗಳಿಂದ ಎದೆಯನ್ನು ಬಳಸಿ ಹಿಡಿಯುತ್ತಾರೆ. ಸಾಧಾರಣ ಗಾತ್ರದ ಕೈಗಳಿಗೆ ಅದು ಹಿಡಿಯಷ್ಟೇ ಸಿಗಬೇಕು. ಅಂತಾರಾಷ್ಟ್ರೀಯ ಶ್ವಾನ ಒಕ್ಕೂಟ ಎಫ್‌ಸಿಐ ಗೊತ್ತುಮಾಡಿದ ಅಳತೆ ಸುಮಾರು 40ರಿಂದ 43 ಸೆಂ.ಮೀ. ಸುತ್ತಳತೆ. ಎತ್ತರ 25ರಿಂದ 30 ಸೆಂ.ಮೀ.; ಪ್ರತಿ 5 ಸೆಂ.ಮೀ. ಎತ್ತರಕ್ಕೆ ಒಂದು ಕಿಲೋ ತೂಕ.

ಮೇಜಿನಿಂದ ಇಳಿದ ಮೇಲೆ ನಡಿಗೆ. ತೀರ್ಪುಗಾರರು ಕೇಳುವುದು ಕುಕ್ಕಲೋಟ. ಇದರಲ್ಲಿ ಎಡ ಮುಂಗಾಲು ಬಲ ಹಿಂಗಾಲಿನೊಡನೆ, ಬಲ ಮುಂಗಾಲು ಎಡ ಹಿಂಗಾಲಿನೊಡನೆ ಜೋಡಿಯಾಗಿ ಏಳುತ್ತದೆ. ಲಯ ಸಮವಾಗಿರುವುದರಿಂದ ಒಂದು ಕಾಲು ಚೂರು ತಡವರಿಸಿದರೂ ಕಣ್ಣಿಗೆ ಬೀಳುತ್ತದೆ. ಹಿಂದಿನಿಂದ ನೋಡಿದರೆ ಹಿಂಗಾಲಿನ ಕೀಲು ಒಳಕ್ಕೋ ಹೊರಕ್ಕೋ ವಾಲುವುದು ಗೊತ್ತಾಗುತ್ತದೆ. ಎದುರಿನಿಂದ ನೋಡಿದರೆ ಮುಂಗಾಲಿನ ಮೊಣಕೈ ಹೊರಚಾಚುವುದು. ಪಕ್ಕದಿಂದ ನೋಡಿದರೆ ಹೆಜ್ಜೆಯ ಉದ್ದ ಮತ್ತು ಬೆನ್ನಿನ ಸ್ಥಿರತೆ. ವೇಗ ಹೆಚ್ಚಿದಂತೆ ಪಾದಗಳು ಮೈಯ ನಡುಗೆರೆಯತ್ತ ಸರಿಯುತ್ತವೆ. ಇದು ದೋಷವಲ್ಲ, ಸಮತೋಲನದ ಉಪಾಯ. ಕಾಲು ಓರೆಯಾದರೂ ಹೆಗಲಿನಿಂದ ಪಾದದವರೆಗೆ ಗೆರೆ ಮುರಿಯಬಾರದು, ಅಷ್ಟೆ.

ಹೆಗಲಿನ ಬಗ್ಗೆ ವಿಜ್ಞಾನ ಹಳೆಯ ನಂಬಿಕೆಯೊಂದನ್ನು ತಿದ್ದಿದೆ. ನಾಯಿಯ ಮುಂಗಾಲು ಎಲುಬಿನ ಕೀಲಿನಿಂದ ಮುಂಡಕ್ಕೆ ಅಂಟಿಲ್ಲ; ಸ್ನಾಯುಗಳೇ ಅದನ್ನು ಹಿಡಿದಿವೆ. ದೇಹದ ಭಾರದಲ್ಲಿ ಸುಮಾರು ಶೇ. 60 ಮುಂಗಾಲುಗಳ ಮೇಲೆಯೇ ಬೀಳುತ್ತದೆ. ಹೆಗಲ ಮೂಳೆ 45 ಡಿಗ್ರಿ ಓರೆಯಾಗಿದ್ದರೆ ಶ್ರೇಷ್ಠ ಎಂದು ತಳಿಗಾರರು ಬಹುಕಾಲ ನಂಬಿದ್ದರು. ಅಮೆರಿಕದ ರೇಚಲ್ ಪೇಜ್ ಎಲಿಯಟ್ ಎಕ್ಸ್‌ರೇ ಚಲನಚಿತ್ರಗಳನ್ನು ನೋಡಿ ಅದನ್ನು ಪ್ರಶ್ನಿಸಿದರು. ಮುಂದೆ ಜರ್ಮನಿಯ ಯೇನಾ ವಿಶ್ವವಿದ್ಯಾಲಯದಲ್ಲಿ ಮಾರ್ಟಿನ್ ಫಿಷರ್ ಅವರ ತಂಡ 32 ತಳಿಗಳ 327 ನಾಯಿಗಳ ನಡಿಗೆಯನ್ನು ಅಧ್ಯಯನ ಮಾಡಿತು. ಮುಂಗಾಲಿನ ಹೆಜ್ಜೆ ಮುಖ್ಯವಾಗಿ ಹೊರಡುವುದು ಹೆಗಲ ಮೂಳೆಯ ಮೇಲ್ತುದಿಯ ತಿರುಗಾಟದಿಂದ ಎಂದು ಅದು ತೋರಿಸಿತು. ಅಂದರೆ ನಿಂತ ನಾಯಿಯ ಕೋನ ಅಳೆದು ನಡಿಗೆಯನ್ನು ಊಹಿಸಲಾಗದು.

ಪುಟ್ಟ ನಾಯಿಗಳಲ್ಲಿ ನಡಿಗೆಯೇ ಬಯಲಿಗೆಳೆಯುವ ಇನ್ನೊಂದು ದೋಷ ಹಿಂಗಾಲಿನ ಮಂಡಿಚಿಪ್ಪಿನದು. ಚಿಪ್ಪು ತನ್ನ ತೋಡಿನಿಂದ ಬಹುತೇಕ ಒಳಬದಿಗೆ ಜಾರಿದಾಗ ನಾಯಿ ಆ ಕಾಲನ್ನೆತ್ತಿ ಎರಡು ಮೂರು ಹೆಜ್ಜೆ ಕುಪ್ಪಳಿಸುತ್ತದೆ; ಚಿಪ್ಪು ಸ್ವಸ್ಥಾನಕ್ಕೆ ಬಂದೊಡನೆ ಏನೂ ಆಗದಂತೆ ಓಡುತ್ತದೆ. ಮನೆಯವರು ಇದನ್ನು ತುಂಟಾಟ ಎಂದುಕೊಳ್ಳುತ್ತಾರೆ. ಮುಂಗಾಲನ್ನು ಎತ್ತೆತ್ತಿ ಹಾಕುವ ನಡಿಗೆಯೂ ಹಾಗೆಯೇ: ನೋಡುಗರು ಚಪ್ಪಾಳೆ ತಟ್ಟುತ್ತಾರೆ, ಮುಂದಕ್ಕೆ ಹೋಗಬೇಕಾದ ಶಕ್ತಿ ಮೇಲಕ್ಕೆ ಪೋಲಾಗುತ್ತದೆ.

ಎಲ್ಲ ನಾಯಿಗೂ ಒಂದೇ ಅಳತೆಗೋಲು ಸಲ್ಲದು. 2005ರಲ್ಲಿ ಅಂಚೆಚೀಟಿಯ ಮೇಲೆ ಬಂದ ನಮ್ಮ ಮುಧೋಳ ನಾಯಿ ಬಯಲಿನಲ್ಲಿ ಮೊಲ ಅಟ್ಟಲು ಹುಟ್ಟಿದ್ದು. ಅದರ ಉದ್ದ ಕಾಲು, ಆಳದ ಎದೆ ಬಿಲಕ್ಕೆ ಬಾರದು. ಟೆರಿಯರ್‌ನ ಗಿಡ್ಡ ಕಾಲು ಬಯಲಿನ ಬೇಟೆಗೆ ಸಾಲದು.

ಟೆರಿಯರ್ ಮರಿ ಕೊಳ್ಳುವವರಿಗೆ ಒಂದು ಮಾತು. ಚಿಂತಾಮಣಿಯಲ್ಲೋ ಶಿಡ್ಲಘಟ್ಟದಲ್ಲೋ ಬೀದಿನಾಯಿಯೊಂದು ಕುಕ್ಕಲೋಟದಲ್ಲಿ ಸಾಗುವುದನ್ನು ಮೊದಲು ಗಮನಿಸಿ, ಕಣ್ಣು ಪಳಗುತ್ತದೆ. ಮರಿಯ ತಾಯಿಯನ್ನೂ, ಸಾಧ್ಯವಾದರೆ ತಂದೆಯನ್ನೂ, ಬೆಲ್ಟು ಸಡಿಲ ಬಿಟ್ಟು ಓಡಿಸಲು ಹೇಳಿ. ಕುಪ್ಪಳಿಸಿದರೆ ಪಶುವೈದ್ಯರಿಂದ ಮಂಡಿ ಪರೀಕ್ಷೆ ಮಾಡಿಸದೆ ಹಣ ಕೊಡಬೇಡಿ. ಫೋಟೋ ನೋಡಿ ಮಾತ್ರ ನಾಯಿ ಕೊಳ್ಳಲೇಬೇಡಿ.