ಹಿಂಜರಿತದ ಕಾಲದಲ್ಲಿ ಹಾಲಿನ ಬಟವಾಡೆ

ಚಾಮರಾಜನಗರ ತಾಲ್ಲೂಕಿನ ಕುದೇರಿನಲ್ಲಿ ಜಿಲ್ಲಾ ಹಾಲು ಒಕ್ಕೂಟದ ಡೇರಿ ಇದೆ. ಸುತ್ತಲಿನ ಗ್ರಾಮಗಳ ಸಹಕಾರ ಸಂಘಗಳಲ್ಲಿ ಬಟವಾಡೆಯಾದ ದಿನ ಕಿರಾಣಿ ಅಂಗಡಿಯ ಸಾಲದ ಪುಸ್ತಕದಲ್ಲಿ ಕೆಲವು ಬಾಬ್ತುಗಳಾದರೂ ತೀರುವಳಿಯಾಗುತ್ತವೆ. ಆರ್ಥಿಕ ಹಿಂಜರಿತ ಬಂದಾಗ ಸರಕಾರ ಕೈಬಿಚ್ಚಿ ವೆಚ್ಚ ಮಾಡಬೇಕೇ, ಜನರು ಉಳಿತಾಯ ಹೆಚ್ಚಿಸಬೇಕೇ ಎಂಬ ಚರ್ಚೆಯನ್ನು ಆ ಪುಸ್ತಕದಿಂದ ಆರಂಭಿಸುವುದೇ ಲೇಸು.

ಉಳಿತಾಯವು ಸದ್ಗುಣವೆಂಬುದು ನಿರ್ವಿವಾದ. ಆದರೆ ಲೆಕ್ಕದಲ್ಲಿ ಒಬ್ಬರ ಖರ್ಚು ಇನ್ನೊಬ್ಬರ ಆದಾಯ. ನಾಳೆಯ ಭಯದಿಂದ ಎಲ್ಲ ಮನೆಗಳೂ ಏಕಕಾಲದಲ್ಲಿ ಬಟ್ಟೆ, ಪಾತ್ರೆ, ದ್ವಿಚಕ್ರ ವಾಹನಗಳ ಖರೀದಿಯನ್ನು ಮುಂದೂಡಿದರೆ ವರ್ತಕನ ಗಲ್ಲಾಪೆಟ್ಟಿಗೆ ಬರಿದಾಗುತ್ತದೆ. ಅವನು ಸರಕು ತರಿಸುವುದನ್ನು ಕಡಿಮೆ ಮಾಡುತ್ತಾನೆ, ಕಾರ್ಖಾನೆಯಲ್ಲಿ ಪಾಳಿ ಕಡಿತವಾಗುತ್ತದೆ, ಕೊನೆಗೆ ಉಳಿಸಹೊರಟವರ ಆದಾಯವೇ ಕುಗ್ಗುತ್ತದೆ. 1936ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಜಾನ್ ಮೇನಾರ್ಡ್ ಕೇನ್ಸ್ ಪ್ರತಿಪಾದಿಸಿದ್ದು ಇದನ್ನೇ. ಅಂತಹ ವೇಳೆಯಲ್ಲಿ ಧೈರ್ಯದಿಂದ ವೆಚ್ಚ ಮಾಡಬಲ್ಲದ್ದು ಸರಕಾರ ಮಾತ್ರ.

2008ರ ಸೆಪ್ಟೆಂಬರ್ 15ರಂದು ಅಮೆರಿಕದ ಲೇಮನ್ ಬ್ರದರ್ಸ್ ದಿವಾಳಿ ಅರ್ಜಿ ಸಲ್ಲಿಸಿತು. ಕೇಂದ್ರ ಸರಕಾರವು ಡಿಸೆಂಬರ್ 7ರಂದು ಅಬಕಾರಿ ಸುಂಕವನ್ನು ಶೇಕಡಾ 4 ಅಂಶಗಳಷ್ಟು ಇಳಿಸಿ, 20,000 ಕೋಟಿ ರೂಪಾಯಿಗಳ ಹೆಚ್ಚುವರಿ ಯೋಜನಾ ವೆಚ್ಚವನ್ನು ಘೋಷಿಸಿತು. ಆದರೆ ಚಾಮರಾಜನಗರದಂತಹ ಜಿಲ್ಲೆಗೆ ಹಣ ತಲುಪಿದ ದಾರಿಗಳು ಬೇರೆ. ಆ ವರ್ಷದ ಆಯವ್ಯಯದಲ್ಲಿ ಕೃಷಿ ಸಾಲಮನ್ನಾ ಪ್ರಕಟವಾಗಿತ್ತು. ಏಪ್ರಿಲ್ 1ರಿಂದ ಉದ್ಯೋಗ ಖಾತರಿ ಯೋಜನೆ ಈ ಜಿಲ್ಲೆಗೂ ವಿಸ್ತರಿಸಿತ್ತು. ರಾಜ್ಯ ಸರಕಾರ ಅದೇ ವರ್ಷ ಲೀಟರ್ ಹಾಲಿಗೆ 2 ರೂಪಾಯಿ ಪ್ರೋತ್ಸಾಹಧನವನ್ನೂ ಆರಂಭಿಸಿತು. ಇವುಗಳಲ್ಲಿ ಯಾವುದೂ ಹಿಂಜರಿತಕ್ಕೆಂದು ರೂಪಿಸಿದ್ದಲ್ಲ. ಕಾಲ ಕೂಡಿಬಂದಿತು, ಅಷ್ಟೆ. ದೂರದೃಷ್ಟಿಯ ಶ್ರೇಯಸ್ಸನ್ನು ಯಾರಿಗೂ ನೀಡಬೇಕಾದ ಅಗತ್ಯವಿಲ್ಲ.

2020ರ ಪರೀಕ್ಷೆ ಇನ್ನೂ ಕಠಿಣ. ಜೂನ್‌ವರೆಗೂ ಚಾಮರಾಜನಗರ ಜಿಲ್ಲೆಯಲ್ಲಿ ಒಂದೂ ಕೋವಿಡ್ ಪ್ರಕರಣ ದಾಖಲಾಗಿರಲಿಲ್ಲ. ಸೋಂಕು ಬಾರದಿದ್ದರೂ ನಷ್ಟ ಬಂದಿತ್ತು: ದೇವಸ್ಥಾನಗಳು ಮುಚ್ಚಿ, ಮದುವೆಗಳು ನಿಂತು, ಹೂವು ಹೊಲದಲ್ಲೇ ಬಾಡಿತು. ರಾಜ್ಯವು ಮೇ 6ರಂದು 1,610 ಕೋಟಿ ರೂಪಾಯಿಗಳ ಪ್ಯಾಕೇಜಿನಲ್ಲಿ ಹೂವು ಬೆಳೆಗಾರರಿಗೆ ಹೆಕ್ಟೇರಿಗೆ 25,000 ರೂಪಾಯಿ ಪರಿಹಾರ ಪ್ರಕಟಿಸಿತು. ಹಾಲಿನ ವಿಷಯದಲ್ಲಿ ನಡೆದದ್ದು ಬೇರೆ. ಮಾರಾಟ ಕುಸಿದಾಗ ಸರಕಾರವೇ ಹೆಚ್ಚುವರಿ ಹಾಲನ್ನು ಕೊಂಡು ಬಡವರಿಗೆ ಉಚಿತವಾಗಿ ಹಂಚಿದ್ದರಿಂದ ಸಹಕಾರ ಸಂಘಗಳ ಖರೀದಿ ಉಳಿದುಕೊಂಡಿತು. ಒಂದು ಪರಿಹಾರ, ಇನ್ನೊಂದು ಬೇಡಿಕೆ. ವರ್ತಕರಿಗೆ ಇವೆರಡರ ಅಂತರ ಹೇಳಿಕೊಡಬೇಕಿಲ್ಲ.

ಅದೇ ಏಪ್ರಿಲ್‌-ಜೂನ್ ತ್ರೈಮಾಸಿಕದಲ್ಲಿ ದೇಶದ ಉತ್ಪನ್ನ ಶೇ. 23.9ರಷ್ಟು ಕುಸಿಯಿತೆಂಬುದು ಮೊದಲ ಅಂದಾಜು. ಕುಟುಂಬಗಳ ನಿವ್ವಳ ಹಣಕಾಸು ಉಳಿತಾಯ ಮಾತ್ರ ಜಿಡಿಪಿಯ ಶೇ. 21ಕ್ಕೆ ಏರಿತೆಂದು ರಿಸರ್ವ್ ಬ್ಯಾಂಕ್ ಅಂದಾಜಿಸಿತು. ಮುಂದಿನ ತ್ರೈಮಾಸಿಕದಲ್ಲಿ ಅದು ಶೇ. 10.4ಕ್ಕಿಳಿಯಿತು. (ಛೇದ ಕುಗ್ಗಿದರೆ ಅನುಪಾತ ಹಿಗ್ಗುತ್ತದೆಂಬುದನ್ನೂ ಮರೆಯಬಾರದು.) ಈ ಸರಾಸರಿಯಲ್ಲಿ ಸಂಬಳ ನಿಲ್ಲದವರ ಠೇವಣಿಯೂ ಸೇರಿದೆ, ಒಡವೆ ಅಡವಿಟ್ಟವರ ಸಾಲವೂ ಸೇರಿದೆ. ಮೊದಲನೆಯವರಿಗೆ ನೀಡಿದ ತೆರಿಗೆ ರಿಯಾಯಿತಿ ಮತ್ತೆ ಠೇವಣಿಯಾಗುವ ಸಂಭವವೇ ಹೆಚ್ಚು. ಎರಡು ಹಸು ಸಾಕಿದ ಮನೆಗೆ ಸಂದ ಹಣವಾದರೋ ಬೂಸ, ಹಿಂಡಿ, ಅಕ್ಕಿ, ಎಣ್ಣೆಯಾಗಿ ಅದೇ ವಾರ ಪೇಟೆಗೆ ಮರಳುತ್ತದೆ.

ಆದ್ದರಿಂದಲೇ ವೆಚ್ಚದ ಮೊತ್ತದಷ್ಟೇ ದಿನಾಂಕವೂ ಮುಖ್ಯ. ಉದ್ಯೋಗ ಖಾತರಿ ಕಾಯಿದೆ ಕೂಲಿ ಪಾವತಿಗೆ 15 ದಿನಗಳ ಗಡುವು ವಿಧಿಸಿತ್ತು. ಅದು ಮೀರಿದ ಉದಾಹರಣೆಗಳು ಹೇರಳ. ಮುಂದೆ 5 ರೂಪಾಯಿಗೇರಿದ ಹಾಲಿನ ಪ್ರೋತ್ಸಾಹಧನವೂ ತಿಂಗಳುಗಟ್ಟಲೆ ಬಾಕಿ ಉಳಿದದ್ದುಂಟು. ಸರಕಾರದ ಪುಸ್ತಕದಲ್ಲಿ ಅದು ಮಂಜೂರಾದ ವೆಚ್ಚ. ಹಣ ಕೈಸೇರುವವರೆಗೆ ಆ ಮನೆಗೆ ಸಾಲ ಕೊಟ್ಟವನು ಊರಿನ ಅಂಗಡಿಯವನು. ಬಡ್ಡಿಯನ್ನು ಅವನ ಖಾತೆಗೆ ಯಾವ ಇಲಾಖೆಯೂ ಜಮೆ ಮಾಡುವುದಿಲ್ಲ.