ಹಂಪಿಯ ಅರಮನೆ ಬಯಲಿನಲ್ಲಿ ನೀರಿನ ಜಾಡು

ವಿಜಯನಗರದ ಅರಸರು ಬಾಳಿದ ಅರಮನೆಗಳಲ್ಲಿ ಇಂದು ಉಳಿದಿರುವುದು ಕಲ್ಲಿನ ಜಗತಿಗಳು. ಅವುಗಳ ಮೇಲಿನ ಕಂಬ, ತೊಲೆಗಳು ಬಹುಪಾಲು ಮರದವು. 1565ರ ರಕ್ಕಸಗಿ-ತಂಗಡಗಿ ಕದನದ ಬಳಿಕ ರಾಜಧಾನಿ ಹಾಳಾದಾಗ ಅವು ಇಲ್ಲವಾದವು. ಕಲ್ಲು ಉಳಿಯಿತು, ಕಲ್ಲಿನಲ್ಲಿ ಕಡೆದ ನೀರಿನ ದಾರಿಯೂ ಉಳಿಯಿತು. ಆ ದಾರಿ ಹಿಡಿದು ನಡೆದರೆ ಅರಮನೆಯ ಬದುಕು ಅರ್ಥವಾಗುತ್ತದೆ.

ಕಮಲಾಪುರದ ಕಡೆಯಿಂದ ಬಂದವರಿಗೆ ಮೊದಲು ಕಾಣುವುದು ರಾಣಿಯರ ಸ್ನಾನಗೃಹ. ಹೊರಗಿನಿಂದ ಸರಳವಾದ ಚೌಕ ಕಟ್ಟಡ, ಸುತ್ತ ಕಂದಕ. ಒಳಹೊಕ್ಕರೆ ಆಕಾಶಕ್ಕೆ ತೆರೆದ ಕೊಳ: ಪ್ರತಿ ಬದಿ ಸುಮಾರು 15 ಮೀಟರ್, ಆಳ 1.8 ಮೀಟರ್. ನಾಲ್ಕೂ ಕಡೆ ಕಮಾನಿನ ಪಡಸಾಲೆ, ಅಲ್ಲಿಂದ ಕೊಳದತ್ತ ಚಾಚಿಕೊಂಡ ಮೊಗಸಾಲೆಗಳು, ಅವುಗಳ ಮೇಲೆ ಗಾರೆಯ ಕುಸುರಿ.

ಮುಂದೆ ಮಹಾನವಮಿ ದಿಬ್ಬ. ಮೂರು ಹಂತದ ಈ ಜಗತಿಯ ಮೈತುಂಬ ಆನೆ, ಕುದುರೆ, ಬೇಟೆ, ಮಲ್ಲಯುದ್ಧ, ಕೋಲಾಟದ ಸಾಲುಚಿತ್ರಗಳಿವೆ. ಕೃಷ್ಣದೇವರಾಯನ ಕಾಲದಲ್ಲಿ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಇಲ್ಲಿನ ನವರಾತ್ರಿಯ ವೈಭವವನ್ನು ಬರೆದಿಟ್ಟಿದ್ದಾನೆ. ದಿಬ್ಬದ ಸಮೀಪದಲ್ಲೇ 1980ರ ದಶಕದ ಉತ್ಖನನದಲ್ಲಿ ಬೆಳಕಿಗೆ ಬಂದ ಮೆಟ್ಟಿಲು ಪುಷ್ಕರಣಿ ಇದೆ. ಅದರ ಕಪ್ಪು ಕಲ್ಲುಗಳನ್ನು ಹತ್ತಿರದಿಂದ ನೋಡಿದರೆ ದಿಕ್ಕು, ಸಾಲು ತಿಳಿಸುವ ಗುರುತುಗಳು ಕಾಣುತ್ತವೆ. ಯಾವ ಕಲ್ಲು ಎಲ್ಲಿ ಕೂರಬೇಕೆಂದು ಮೊದಲೇ ಲೆಕ್ಕ ಹಾಕಿ ಜೋಡಿಸಿದ ಕೆಲಸವದು. ಕಲ್ಲುಕಂಬಗಳ ಮೇಲೆ ಸಾಗುವ ತೋಡುಗಾಲುವೆ ಸುತ್ತಲಿನ ಕೊಳಗಳಿಗೆ ನೀರು ಒಯ್ಯುತ್ತಿತ್ತು.

ಎತ್ತರದ ಗೋಡೆಯ ರಾಣಿವಾಸದಲ್ಲಿ ಎರಡು ಅಂತಸ್ತಿನ ಕಮಲ ಮಹಲ್ ಇಂದಿಗೂ ಚೆಲುವು ಕಳೆದುಕೊಂಡಿಲ್ಲ. ದಳದಳವಾಗಿ ಬಿಚ್ಚಿಕೊಳ್ಳುವ ಕಮಾನುಗಳ ಮೇಲೆ ಗುಡಿಯ ಶಿಖರದಂಥ ಗೋಪುರಗಳನ್ನಿಟ್ಟ ಕಟ್ಟಡವಿದು; ಎರಡು ವಾಸ್ತುಶೈಲಿಗಳು ಇಲ್ಲಿ ಒಂದಾಗಿವೆ. ಅದೇ ಆವರಣದಲ್ಲಿ ಜಲಮಹಲಿನ ಅಡಿಪಾಯವಿದೆ. ಗೋಡೆಯಾಚೆ 11 ಕೋಣೆಗಳ ಗಜಶಾಲೆ.

ನೀರಿನ ನಡುವೆ ವಿಹರಿಸುವ ಆಸೆ ಅರಸರಿಗೆ ಎಲ್ಲೆಡೆ ಇತ್ತು. ಜಾವಾ ದ್ವೀಪದ ಯೋಗ್ಯಕರ್ತದಲ್ಲಿ ಸುಲ್ತಾನ ಒಂದನೆಯ ಹಮೆಂಗ್ಕುಬುವೊನೊ 18ನೇ ಶತಮಾನದಲ್ಲಿ ಕಟ್ಟಿಸಿದ ತಮನ್ ಸಾರಿಯಲ್ಲೂ ಸ್ನಾನದ ಕೊಳಗಳು, ಕೃತಕ ಸರೋವರ ಇದ್ದವು. 1867ರ ಭೂಕಂಪದಲ್ಲಿ ಅದು ಜಖಂಗೊಂಡಿತು. ಹಂಪಿಯಲ್ಲಿ ಅರಮನೆಯ ಕೊಳಗಳು ಬತ್ತಿದರೂ ತುಂಗಭದ್ರೆಯ ವಿಜಯನಗರ ಕಾಲುವೆಗಳು ಗದ್ದೆ, ಬಾಳೆತೋಟಗಳಿಗೆ ಇಂದಿಗೂ ನೀರುಣಿಸುತ್ತಿವೆ.

ಕಳೆದುಹೋದ ಮರದ ವೈಭವದ ನೆನಪಿಗೆ ಹೊಳೆಯಾಚೆಯ ಕೊಪ್ಪಳ ಸೀಮೆಗೆ ಬರಬೇಕು. ಕಿನ್ನಾಳದ ಚಿತ್ರಗಾರರು ಹಗುರ ಮರದಲ್ಲಿ ಗೊಂಬೆ ಕೆತ್ತಿ, ಹುಣಸೆ ಬೀಜದ ಅಂಟು ಬಳಸಿ ಹದಗೊಳಿಸಿ, ಬಣ್ಣ ತುಂಬುತ್ತಾರೆ. ವಿರೂಪಾಕ್ಷ ಗುಡಿಯ ಚಾವಣಿಗೆ ಚಿತ್ರ ಬರೆದವರು ಇವರ ಹಿರೀಕರೆಂದು ಪ್ರತೀತಿ. ಹಂಪಿ ನೋಡಲು ಹೊರಟವರು ಆನೆಗೊಂದಿಯ ಜತೆಗೆ ಕಿನ್ನಾಳಕ್ಕೂ ಒಂದು ದಿನ ಮೀಸಲಿಡಬೇಕು. ಅಲ್ಲಿಂದ ಮನೆಗೆ ತರುವ ಒಂದು ಗೊಂಬೆಯೂ ಆ ಕಸುಬಿಗೆ ಆಸರೆ.